ದಸ್ತಗಿರಿಯಾದವನ ಹಕ್ಕು ಯಾರ ವಿದ್ಯೆ?

ಘೋರವಾದ ಅಪರಾಧವೊಂದರ ವರದಿಯು ವೃತ್ತಪತ್ರಿಕೆಯಲ್ಲಿ ಬಂದೊಡನೆ ವಿದ್ಯಾವಂತರ ಮನೆಗಳಲ್ಲಿ ಒಂದೇ ತೆರನಾದ ಮಾತು ಹುಟ್ಟುವುದು ಈಗ ರೂಢಿಯಾಗಿಬಿಟ್ಟಿದೆ. ಸಿಕ್ಕವನನ್ನು ನ್ಯಾಯಸ್ಥಾನದವರೆಗೆ ಕರೆದೊಯ್ಯುವುದೇತಕ್ಕೆ? ಅವನಿಗೆ ವಕೀಲರೇತಕ್ಕೆ, ಜಾಮೀನೇತಕ್ಕೆ? ಸಂವಿಧಾನವು ಕೊಟ್ಟಿರುವ ಹಕ್ಕುಗಳೆಲ್ಲ ಕಳ್ಳಕಾಕರ ಬಚ್ಚಲುಮನೆಯ ಹಿಂಬಾಗಿಲಾಗಿವೆಯಲ್ಲವೆ? ಹೀಗೆ ಆಡುವವರು ದುಷ್ಟರಲ್ಲ. ದೇವರಿಗೆ ಹೆದರುವವರು, ಮಕ್ಕಳನ್ನು ಓದಿಸುವವರು, ಪರರ ಸ್ವತ್ತಿಗೆ ಕೈಚಾಚದವರು. ಆದುದರಿಂದಲೇ ಈ ಮಾತನ್ನು ನಗೆಯಾಡಿ ಬಿಡುವಂತಿಲ್ಲ. ದುಷ್ಟನು ಆಡಿದ ಅನ್ಯಾಯದ ಮಾತಿಗೆ ಊರೇ ಉತ್ತರ ಕೊಡುತ್ತದೆ. ಸಜ್ಜನರು ಆಡಿದ ಅನ್ಯಾಯದ ಮಾತು ಲೋಕನೀತಿಯಾಗಿ ನಿಂತುಬಿಡುತ್ತದೆ.

2019ನೆಯ ಇಸವಿಯ ಡಿಸೆಂಬರಿನಲ್ಲಿ ಹೈದರಾಬಾದಿನ ಸಮೀಪದಲ್ಲಿ ನಡೆದುದು ಇದಕ್ಕೆ ನಿದರ್ಶನ. ತರುಣಿಯೊಬ್ಬಳ ಮೇಲಿನ ಅತ್ಯಾಚಾರ ಮತ್ತು ಕೊಲೆಯ ಮೊಕದ್ದಮೆಯಲ್ಲಿ ಹಿಡಿಯಲ್ಪಟ್ಟಿದ್ದ ನಾಲ್ವರು ಪೋಲೀಸರ ವಶದಲ್ಲಿರುವಾಗಲೇ ಗುಂಡಿಗೆ ಬಲಿಯಾದರು. ಜನರು ಪೋಲೀಸರ ಮೇಲೆ ಹೂವಿನ ಮಳೆಗರೆದರು. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ನ್ಯಾಯಮೂರ್ತಿ ಸಿರ್ಪುರಕರರ ಆಯೋಗದ ವರದಿಯು 2022ರಲ್ಲಿ ಹೊರಬಿದ್ದಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದೂ, ಸತ್ತವರಲ್ಲಿ ಮೂವರು ಹದಿನೆಂಟು ವರ್ಷ ತುಂಬದವರೆಂದೂ ಆಯೋಗವು ಅಭಿಪ್ರಾಯಪಟ್ಟಿತು. ಆ ನಾಲ್ವರು ನಿಜವಾಗಿ ಅಪರಾಧಿಗಳಾಗಿದ್ದರೆ? ಇರಬಹುದು. ಇಲ್ಲದಿರಬಹುದು. ಸಾಕ್ಷ್ಯದಿಂದ ಅದನ್ನು ನಿರ್ಣಯಿಸುವ ದಾರಿಯು ಅಂದೇ ಮುಚ್ಚಿಹೋಯಿತು. ಸತ್ತ ತರುಣಿಗೆ ನ್ಯಾಯಸ್ಥಾನದ ತೀರ್ಪೆಂಬುದು ಎಂದಿಗೂ ದೊರೆಯದೆ ಹೋಯಿತು. ಹೂವೆರಚಿದವರು ಇದನ್ನು ಯೋಚಿಸಲಿಲ್ಲ. ಯೋಚಿಸಲು ಬೇಕಾದ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಅಪರಾಧದ ಆಪಾದನೆಗೆ ಗುರಿಯಾದವನಿಗೆ ಸಂವಿಧಾನವು ಕೊಟ್ಟಿರುವ ಹಕ್ಕುಗಳನ್ನು ಓದಿ ತಿಳಿಯುವುದು ವಕೀಲರ ವೃತ್ತಿವಿದ್ಯೆಯಷ್ಟೇ ಅಲ್ಲ, ಮನೆಮನೆಯ ವಿದ್ಯೆಯಾಗಬೇಕು. ಶಾಲೆಯಲ್ಲಿಯೂ ಸಾಹಿತ್ಯ ಸಂಘದಲ್ಲಿಯೂ ಇದಕ್ಕೆ ಸ್ಥಾನವಿರಬೇಕು. ಇದು ಇಲ್ಲಿಯ ಸಿದ್ಧಾಂತ. ಪೂರ್ವಪಕ್ಷವನ್ನು ಮೊದಲು ಅದರ ಪೂರ್ಣಬಲದೊಡನೆ ನಿಲ್ಲಿಸಿ ಬಳಿಕ ಖಂಡಿಸುವುದು ಶಾಸ್ತ್ರದ ಪದ್ಧತಿ. ಅದಕ್ಕೂ ಮುಂಚೆ ವಿಷಯದ ಸ್ವರೂಪವನ್ನು ಸಂಗ್ರಹವಾಗಿ ತಿಳಿಯುವುದು ಅವಶ್ಯ.

ಸಂವಿಧಾನದ 20, 21, 22ನೆಯ ವಿಧಿಗಳು ಈ ವಿಷಯಕ್ಕೆ ಮೂಲಸೂತ್ರಗಳು. ಕೃತ್ಯವು ನಡೆದಾಗ ಅಪರಾಧವಲ್ಲದಿದ್ದುದಕ್ಕೆ ಅನಂತರ ಕಾನೂನು ಮಾಡಿ ಶಿಕ್ಷಿಸಕೂಡದು. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ನಡೆಸಿ ದಂಡಿಸಕೂಡದು. ಆಪಾದಿತನನ್ನು ತನಗೆ ವಿರುದ್ಧವಾಗಿ ತಾನೇ ಸಾಕ್ಷಿಯಾಗೆಂದು ಬಲಾತ್ಕರಿಸಕೂಡದು. ಇವು 20ನೆಯ ವಿಧಿಯ ಮೂರು ನಿಷೇಧಗಳು. ಕಾನೂನು ಸ್ಥಾಪಿಸಿದ ಕ್ರಮದಿಂದ ಹೊರತು ಯಾರ ಪ್ರಾಣವನ್ನೂ ದೇಹಸ್ವಾತಂತ್ರ್ಯವನ್ನೂ ಕಳೆಯಕೂಡದೆಂಬುದು 21ನೆಯದರ ತಾತ್ಪರ್ಯ. ದಸ್ತಗಿರಿಯಾದವನಿಗೆ ಅದರ ಕಾರಣವನ್ನು ತಡಮಾಡದೆ ತಿಳಿಸಬೇಕು. ತನಗೆ ಬೇಕಾದ ವಕೀಲರೊಡನೆ ಆಲೋಚಿಸಲು ಅವನಿಗೆ ಅವಕಾಶವಿರಬೇಕು. ಪ್ರಯಾಣಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು 22ನೆಯ ವಿಧಿ.

ಈ ವಾಕ್ಯಗಳು ಸುಲಭವಾಗಿ ಬಂದುವಲ್ಲ. ದಕ್ಷಿಣ ಕನ್ನಡ ಮೂಲದ ಬೆನೆಗಲ್ ನರಸಿಂಗರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿ ಅಮೆರಿಕೆಗೆ ಹೋಗಿದ್ದಾಗ, ಅಲ್ಲಿಯ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರು ‘ನ್ಯಾಯವಾದ ಕ್ರಮ’ವೆಂಬ ಅರ್ಥದ ವಿಶಾಲವಾದ ಮಾತನ್ನು ಸೇರಿಸದಿರುವುದೇ ಮೇಲೆಂದು ಸಲಹೆಯಿತ್ತರು. ‘ಕಾನೂನು ಸ್ಥಾಪಿಸಿದ ಕ್ರಮ’ವೆಂಬ ಕಿರಿದಾದ ಮಾತು ಅದರ ಸ್ಥಾನದಲ್ಲಿ ಬಂದಿತು. ಸಭೆಯಲ್ಲಿ ಮುನ್ಷಿಯವರೇ ಮೊದಲಾದವರು ಇದನ್ನು ವಿರೋಧಿಸಿದರು. ಹೊರಗೂ ಅಸಮಾಧಾನ ಹಬ್ಬಿತು. ಆ ಕೊರತೆಯನ್ನು ಕೊಂಚವಾದರೂ ತುಂಬಲೆಂದು 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರರು ತಂದ ಹೊಸ ವಿಧಿಯೇ ಇಂದಿನ 22ನೆಯದು. 1950ರ ಗೋಪಾಲನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತವು ಶಬ್ದಾರ್ಥಕ್ಕೇ ಕಟ್ಟುಬಿದ್ದು, ಶಾಸನಸಭೆಯು ಮಾಡಿದ ಕ್ರಮವು ಯಾವುದಾದರೂ ಸರಿಯೆಂದಿತು. ನ್ಯಾಯಮೂರ್ತಿ ಫಜಲ್ ಅಲಿಯವರೊಬ್ಬರು ಭಿನ್ನವಾಗಿ ನಿಂತರು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ, ಆ ಕ್ರಮವು ನ್ಯಾಯವೂ ಸಮಂಜಸವೂ ಆಗಿರಲೇಬೇಕೆಂದು ಅದೇ ನ್ಯಾಯಾಲಯವು ತೀರ್ಪಿತ್ತಿತು. ಶಬ್ದವು ಒಂದೇ; ಅರ್ಥಕ್ಕೆ ತಲುಪಲು 28 ವರ್ಷಗಳು ಬೇಕಾದುವು. ಮೀಮಾಂಸೆಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ವಿಧಿವಾಕ್ಯವನ್ನು ಕಂಠಪಾಠ ಮಾಡುವುದು ಬೇರೆ, ಅದರ ತಾತ್ಪರ್ಯವನ್ನು ನಿರ್ಣಯಿಸುವುದು ಬೇರೆ.

ಇನ್ನು ಪೂರ್ವಪಕ್ಷಗಳು. ಮೊದಲನೆಯದು: ಸಜ್ಜನರಿಗೆ ಈ ಹಕ್ಕುಗಳಿಂದ ಪ್ರಯೋಜನವೇನು? ತಪ್ಪು ಮಾಡದವನು ಠಾಣೆಯ ಮೆಟ್ಟಿಲನ್ನೇಕೆ ಹತ್ತುವನು?

ಈ ಪ್ರಶ್ನೆಗೆ ಶೂದ್ರಕನ ಮೃಚ್ಛಕಟಿಕವು ಎಂದೋ ಉತ್ತರವಿತ್ತಿದೆ. ಉಜ್ಜಯಿನಿಯಲ್ಲಿ ಚಾರುದತ್ತನಿಗಿಂತ ಸಜ್ಜನನಿರಲಿಲ್ಲ. ರಾಜನ ಮೈದುನನಾದ ಶಕಾರನು ತಾನೇ ವಸಂತಸೇನೆಯ ಕುತ್ತಿಗೆಯನ್ನು ಹಿಸುಕಿ, ಆ ಅಪರಾಧವನ್ನು ಚಾರುದತ್ತನ ಮೇಲೆ ಹೊರಿಸಿದನು. ಅಧಿಕರಣಿಕನು ದುಷ್ಟನಲ್ಲ, ಆದರೂ ತನ್ನ ಫಿರ್ಯಾದನ್ನು ಅಂದೇ ವಿಚಾರಿಸದಿದ್ದರೆ ಅಧಿಕಾರವನ್ನೇ ತಪ್ಪಿಸುವೆನೆಂದು ಶಕಾರನು ಬೆದರಿಸಿದಾಗ ಅವನು ಬಗ್ಗಿದನು. ತೋಟದಲ್ಲಿ ಹೆಂಗಸೊಬ್ಬಳ ಹೆಣವು ಕಂಡುಬಂದಿತೆಂದು ಸಾಕ್ಷಿಯು ಹೇಳಿದನು. ಮೈತ್ರೇಯನ ಬಗಲಿನಿಂದ ವಸಂತಸೇನೆಯ ಒಡವೆಗಳು ಕೆಳಗೆ ಬಿದ್ದುವು. ಸನ್ನಿವೇಶದ ಸಾಕ್ಷ್ಯವು ಇದಕ್ಕಿಂತ ಪೂರ್ಣವಾಗಿರುವುದೆಂತು? ದುಃಖದಿಂದ ಕುಗ್ಗಿದ ಚಾರುದತ್ತನು ಮಾತನ್ನು ಅರ್ಧಕ್ಕೆ ನಿಲ್ಲಿಸಲು, ಉಳಿದುದನ್ನು ಶಕಾರನೇ ತುಂಬಿದನು, ಅದೇ ತಪ್ಪೊಪ್ಪಿಗೆಯೆನಿಸಿತು. ನಗರವೆಲ್ಲ ನಂಬಿದ ಆ ಕೊಲೆಯೇ ನಡೆದಿರಲಿಲ್ಲ, ವಸಂತಸೇನೆಯು ಬದುಕಿದ್ದಳು. ಅವಳು ವಧ್ಯಸ್ಥಾನಕ್ಕೆ ಕೊನೆಯ ಗಳಿಗೆಯಲ್ಲಿ ಬಂದುದರಿಂದ ನಾಟಕವು ಮಂಗಳದಲ್ಲಿ ಮುಗಿಯಿತು. ಲೋಕದ ಚಾರುದತ್ತರಿಗೆ ಕವಿಯ ಈ ದಯೆಯು ದೊರೆಯುವುದಿಲ್ಲ. ಬಲಾತ್ಕಾರದ ಒಪ್ಪಿಗೆಯನ್ನು 20ನೆಯ ವಿಧಿಯು ನಿಷೇಧಿಸಿರುವುದೂ, ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತು ಮಾಡಕೂಡದೆಂದು ಸಾಕ್ಷ್ಯದ ಕಾನೂನು ಹೇಳಿರುವುದೂ ಅವರಿಗಾಗಿಯೇ.

ಕಾವ್ಯವನ್ನು ಬಿಟ್ಟು ಲೆಕ್ಕವನ್ನೇ ನೋಡುವುದಾದರೂ ಸರಿಯೆ. 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ, ಎಂದರೆ ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿ, ವಿಚಾರಣೆ ಮುಗಿಯದವರು. ಕಾನೂನಿನ ಕಣ್ಣಿನಲ್ಲಿ ಅವರಲ್ಲಿ ಒಬ್ಬನೂ ಇನ್ನೂ ಅಪರಾಧಿಯಲ್ಲ. ಇಷ್ಟು ಜನರೂ ನಿರ್ದೋಷಿಗಳೆಂದು ಯಾರೂ ಹೇಳಲಾರರು. ಆದರೆ ಇಷ್ಟು ಜನರೂ ದೋಷಿಗಳೆಂದು ಜಗಲಿಯ ಮೇಲೆ ಕುಳಿತು ತೀರ್ಮಾನಿಸುವವರಿಗೆ ಯಾವ ಪ್ರಮಾಣವಿದೆ?

ಸಜ್ಜನರಿಗೂ ವಿದ್ಯಾವಂತರಿಗೂ ಸೆರೆಮನೆಯ ಬಾಗಿಲು ತೆರೆಯದೆಂಬ ಭ್ರಾಂತಿಯು 1975ರ ತುರ್ತುಪರಿಸ್ಥಿತಿಯಲ್ಲಿಯೇ ಅಳಿಯಬೇಕಾಗಿತ್ತು. ‘ಸಂಸ್ಕಾರ’ ಚಲಚ್ಚಿತ್ರದಿಂದ ಕನ್ನಡಿಗರಿಗೆ ಪರಿಚಿತರಾದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಅವರು ಉಬ್ಬಸದ ರೋಗಿ. 1977ರ ಜನವರಿಯಲ್ಲಿ ಹೊರಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಕಾಲದಲ್ಲಿ ಬಂಧಿತರ ಅರ್ಜಿಗಳನ್ನು ಕೇಳಿದ ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು, ತುರ್ತುಪರಿಸ್ಥಿತಿ ಇರುವತನಕ ಬಂಧನದ ನ್ಯಾಯಾನ್ಯಾಯವನ್ನು ಪ್ರಶ್ನಿಸಲು ಯಾರಿಗೂ ಅಧಿಕಾರವಿಲ್ಲವೆಂದು 1976ರ ಏಪ್ರಿಲಿನಲ್ಲಿ ತೀರ್ಪಿತ್ತರು. ನ್ಯಾಯಮೂರ್ತಿ ಖನ್ನಾರವರೊಬ್ಬರೇ ಒಪ್ಪಲಿಲ್ಲ. ಅಂದು ಸೆರೆಮನೆಗಳಲ್ಲಿದ್ದವರಲ್ಲಿ ಅಧ್ಯಾಪಕರಿದ್ದರು, ಪತ್ರಿಕೋದ್ಯಮಿಗಳಿದ್ದರು, ಮುಂದೆ ಮಂತ್ರಿಗಳಾದವರೂ ಇದ್ದರು. ‘ನನ್ನಂಥವನಿಗೇಕೆ’ ಎಂದವರು ಅವರಲ್ಲಿಯೂ ಇದ್ದಿರಬೇಕು.

ಎರಡನೆಯ ಪೂರ್ವಪಕ್ಷವು ಇನ್ನೂ ಗಂಭೀರವಾದುದು. ಈ ಹಕ್ಕುಗಳು ಪರದೇಶದ ಸರಕು. ಪ್ರಾಚೀನ ಭಾರತದಲ್ಲಿ ದಂಡವು ಶೀಘ್ರವಾಗಿತ್ತು, ಕಠಿನವಾಗಿತ್ತು, ಆದುದರಿಂದ ಧರ್ಮವು ನಿಂತಿತ್ತು ಎಂದು ಕೆಲವರು ವಾದಿಸುತ್ತಾರೆ. ಹೀಗೆ ವಾದಿಸುವವರಲ್ಲಿ ಬಹುಮಂದಿ ಧರ್ಮಶಾಸ್ತ್ರದ ವ್ಯವಹಾರಕಾಂಡವನ್ನು ತೆರೆದು ನೋಡಿದವರಲ್ಲವೆಂಬುದು ಅವರ ಮಾತಿನಿಂದಲೇ ಗೊತ್ತಾಗುತ್ತದೆ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಈಗಿನ ಬೀದರ ಜಿಲ್ಲೆಯ ನೆಲದಲ್ಲಿ, ಬಾಳಿದವನು. ಆ ಸ್ಮೃತಿಯ ಪ್ರಕಾರ ಫಿರ್ಯಾದನ್ನು ಪ್ರತಿವಾದಿಯ ಸಮ್ಮುಖದಲ್ಲಿಯೇ ವರ್ಷ, ಮಾಸ, ಪಕ್ಷ, ದಿನಗಳ ಸಮೇತವಾಗಿ ಬರೆಯಬೇಕು, ಬಳಿಕ ಅವನ ಉತ್ತರವನ್ನು ಬರೆಯಬೇಕು, ಬಳಿಕ ಪ್ರಮಾಣ, ಆ ಮೇಲೆ ನಿರ್ಣಯ. ವ್ಯವಹಾರಕ್ಕೆ ನಾಲ್ಕು ಪಾದಗಳೆಂದು ಹೇಳುವುದು ಇವನ್ನೇ. ಆಪಾದನೆಯು ಏನೆಂಬುದು ಆಪಾದಿತನಿಗೆ ತಿಳಿದಿರಬೇಕು, ಅವನ ಮಾತನ್ನು ಕೇಳದೆ ನಿರ್ಣಯವಿಲ್ಲ ಎಂಬ ತತ್ತ್ವವು ಪರದೇಶದಿಂದ ಹಡಗಿನಲ್ಲಿ ಬಂದಿಳಿದುದಲ್ಲ. ದಂಡಾರ್ಹನಲ್ಲದವನನ್ನು ದಂಡಿಸುವ ಅರಸನಿಗೆ ಅಪಕೀರ್ತಿಯೂ ನರಕವೂ ತಪ್ಪದೆಂದು ಮನುವೂ ಹೇಳಿದ್ದಾನೆ.

ಆದರೆ ಸತ್ಯವನ್ನು ಅರ್ಧಕ್ಕೆ ನಿಲ್ಲಿಸುವುದು ಪಂಡಿತರಿಗೆ ತಕ್ಕುದಲ್ಲ. ಅದೇ ಸ್ಮೃತಿಗಳಲ್ಲಿ ವರ್ಣಕ್ಕೆ ತಕ್ಕಂತೆ ದಂಡಭೇದವಿದ್ದಿತು. ಒಂದೇ ಅಪರಾಧಕ್ಕೆ ಒಬ್ಬನಿಗೆ ಜುಲ್ಮಾನೆ, ಮತ್ತೊಬ್ಬನಿಗೆ ಅಂಗಚ್ಛೇದ. ಮಾನುಷ ಪ್ರಮಾಣಗಳಾದ ಲೇಖ್ಯ, ಭುಕ್ತಿ, ಸಾಕ್ಷಿಗಳು ಸಿಕ್ಕದ ಕಡೆ ತುಲೆ, ಅಗ್ನಿ, ಜಲ, ವಿಷ, ಕೋಶಗಳೆಂಬ ದಿವ್ಯಗಳನ್ನು ಮಾಡಿಸುತ್ತಿದ್ದರು. ಸಂವಿಧಾನವು ಮೊದಲ ತತ್ತ್ವವನ್ನು ಉಳಿಸಿಕೊಂಡು ಈ ಎರಡನ್ನೂ ತಳ್ಳಿಹಾಕಿತು. ಪೂರ್ವಜರ ಆಸ್ತಿಯನ್ನು ವಿವೇಕದಿಂದ ಪಾಲುಮಾಡುವ ಕ್ರಮವೇ ಇದು. ಒಳ್ಳೆಯದನ್ನು ಮರೆತು ಕೆಟ್ಟುದಕ್ಕೆ ಮಾತ್ರ ಹಕ್ಕುದಾರರಾಗಹೊರಡುವವರ ವಿವೇಕವು ಎಂತಹುದು?

ದಿವ್ಯವು ಹಳೆಯ ಕಾಲದೊಡನೆಯೇ ಅಳಿಯಿತೆಂದೂ ಯಾರೂ ತಿಳಿಯಬಾರದು. ಇದೇ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಪ್ರಯೋಗಶಾಲೆಯು ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಪೆಂಟೊಥಾಲ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿ, ಅರೆಪ್ರಜ್ಞೆಯಲ್ಲಿರುವವನ ಬಾಯಿಂದ ಮಾತು ತೆಗೆಯುವುದು. ಮೈಯ ಕಂಪನವನ್ನೂ ಮೆದುಳಿನ ವಿದ್ಯುತ್ತನ್ನೂ ಅಳೆದು ಸುಳ್ಳುನಿಜಗಳನ್ನು ಹೇಳುವುದು. ಜನರು ಇದನ್ನು ವಿಜ್ಞಾನದ ಪವಾಡವೆಂದು ಕೊಂಡಾಡಿದರು. 2010ರ ಮೇ ತಿಂಗಳಿನಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರಗಳ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಪ್ಪಿಗೆಯಿಲ್ಲದೆ ಇಂತಹ ಪರೀಕ್ಷೆ ನಡೆಸುವುದು 20 ಮತ್ತು 21ನೆಯ ವಿಧಿಗಳಿಗೆ ವಿರುದ್ಧವೆಂದು ನಿರ್ಣಯಿಸಿತು. ಮಂಪರಿನಲ್ಲಿ ಆಡಿದ ಮಾತು ನಿಜವೇ ಆಗಿರುತ್ತದೆಂಬ ಭರವಸೆಯೂ ಇಲ್ಲ. ಕಾದ ಕಬ್ಬಿಣದ ಬದಲು ಸೂಜಿಯನ್ನು ಹಿಡಿದ ಮಾತ್ರಕ್ಕೆ ದಿವ್ಯವು ಪ್ರಮಾಣವಾಗದು.

ಮೂರನೆಯ ಪೂರ್ವಪಕ್ಷ: ಇದೆಲ್ಲ ವಕೀಲರ ಕೆಲಸ, ರೋಗ ಬಂದರೆ ವೈದ್ಯರಲ್ಲಿಗೆ ಹೋಗುವಂತೆ ಮೊಕದ್ದಮೆ ಬಂದರೆ ವಕೀಲರಲ್ಲಿಗೆ ಹೋದರಾಯಿತು. ಈ ಉಪಮಾನವು ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ. ಹಾವು ಕಚ್ಚಿದಾಗ ವೈದ್ಯರು ಬರುವತನಕ ಏನು ಮಾಡಬೇಕು, ಏನು ಮಾಡಬಾರದೆಂಬುದನ್ನು ಮನೆಯವರು ತಿಳಿದಿರಬೇಡವೆ? ದಸ್ತಗಿರಿಯಾದ ಮೊದಲ 24 ಗಂಟೆಗಳು ಅಂತಹವು. ವಕೀಲರು ಠಾಣೆಯಲ್ಲಿ ಕಾದು ಕುಳಿತಿರುವುದಿಲ್ಲ. ಆ ಹೊತ್ತಿನಲ್ಲಿ ಇರುವವರು ಬಂಧಿತ, ಅವನ ಮನೆಯವರು ಮತ್ತು ಪೋಲೀಸಿನವರು, ಅಷ್ಟೆ.

ಭಾಗಲ್ಪುರದ ಕಥೆಯನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಬಿಹಾರದ ಆ ಜಿಲ್ಲೆಯಲ್ಲಿ 1979 ಮತ್ತು 1980ರಲ್ಲಿ, ವಿಚಾರಣೆಯಾಗದ ಮೂವತ್ತಕ್ಕೂ ಹೆಚ್ಚು ಮಂದಿ ಬಂಧಿತರ ಕಣ್ಣುಗಳನ್ನು ಚುಚ್ಚಿ ಆಮ್ಲವನ್ನು ಹೊಯ್ದು ಕುರುಡುಮಾಡಿದರು. ಆ ಕುರುಡರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗಲೂ ಅವರಿಗೆ ಸರ್ಕಾರದ ವೆಚ್ಚದಲ್ಲಿ ವಕೀಲರು ದೊರೆಯಲಿಲ್ಲ. ಏಕೆ? ಅವರು ಕೇಳಲಿಲ್ಲವೆಂಬುದೇ ಮ್ಯಾಜಿಸ್ಟ್ರೇಟರುಗಳು ಕೊಟ್ಟ ಉತ್ತರ. ಅಂತಹ ಹಕ್ಕೊಂದು ಇದೆಯೆಂದೇ ತಿಳಿಯದವನು ಕೇಳುವುದೆಂತು? 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಉತ್ತರವನ್ನು ತಳ್ಳಿಹಾಕಿ, ಬಡ ಬಂಧಿತನಿಗೆ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿರುವುದನ್ನು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದೂ, ಮೊದಲ ಸಲ ಹಾಜರುಪಡಿಸಿದಾಗಲೇ ಆ ನೆರವು ದೊರೆಯಬೇಕೆಂದೂ ಹೇಳಿತು. ಹಕ್ಕು ಪುಸ್ತಕದಲ್ಲಿದ್ದರೂ ತಿಳಿವಳಿಕೆಯು ಜನರಲ್ಲಿಲ್ಲದಿದ್ದರೆ ಆಗುವುದೇನೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷಿ ಬೇಕಿಲ್ಲ.

ಮನೆಯವರು ತಿಳಿಯಬೇಕಾದುದು ಬೆಟ್ಟದಷ್ಟೇನೂ ಇಲ್ಲ. 1996ರ ಡಿ. ಕೆ. ಬಸು ಮೊಕದ್ದಮೆಯ ತೀರ್ಪಿನಂತೆ ದಸ್ತಗಿರಿ ಮಾಡುವ ಪೋಲೀಸರು ಹೆಸರು ಕಾಣುವ ಪಟ್ಟಿಯನ್ನು ಧರಿಸಿರಬೇಕು. ಹೊತ್ತು ಮತ್ತು ದಿನಗಳನ್ನು ಬರೆದು ಸಾಕ್ಷಿಯ ರುಜುವಿನೊಡನೆ ದಸ್ತಗಿರಿಯ ಪತ್ರವನ್ನು ಸಿದ್ಧಪಡಿಸಬೇಕು. ಬಂಧುವಿಗೋ ಮಿತ್ರನಿಗೋ ಸುದ್ದಿ ಮುಟ್ಟಿಸಬೇಕು. ವಶದಲ್ಲಿರುವವನನ್ನು 48 ಗಂಟೆಗಳಿಗೊಮ್ಮೆ ವೈದ್ಯರಿಗೆ ತೋರಿಸಬೇಕು. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದಸ್ತಗಿರಿಯು ಯಂತ್ರದಂತೆ ನಡೆಯಕೂಡದು, ಅದರ ಅವಶ್ಯಕತೆಯನ್ನು ಬರೆದಿಡಬೇಕು ಎಂದು 2014ರಲ್ಲಿ ಅರ್ನೇಶ್ ಕುಮಾರ್ ಮೊಕದ್ದಮೆಯಲ್ಲಿ ತೀರ್ಪಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, 60 ದಿನಗಳಲ್ಲಿ, ಹತ್ತು ವರ್ಷ ಮೊದಲ್ಗೊಂಡು ಮರಣದವರೆಗಿನ ಶಿಕ್ಷೆಯ ಅಪರಾಧಗಳಾದರೆ 90 ದಿನಗಳಲ್ಲಿ, ತನಿಖೆ ಮುಗಿಯದಿದ್ದರೆ ಜಾಮೀನು ಕೊಡಲು ಸಿದ್ಧನಾದ ಬಂಧಿತನಿಗೆ ಬಿಡುಗಡೆಯ ಹಕ್ಕು ಬರುತ್ತದೆ. ವಶದಲ್ಲಿರುವವರಿಗೂ ಹೆಂಗಸರಿಗೂ ಮಕ್ಕಳಿಗೂ ವರಮಾನವನ್ನು ಲೆಕ್ಕಿಸದೆ ಕಾನೂನಿನ ನೆರವು ದೊರೆಯಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನವು ವಿಧಿಸಿದೆ. ಪಂಚಾಂಗವನ್ನು ನೋಡಿ ತಿಥಿನಕ್ಷತ್ರಗಳನ್ನು ತಿಳಿಯಬಲ್ಲ ಮನೆಗೆ ಇದು ಕಠಿನವಾದ ವಿದ್ಯೆಯೆ?

ನಾಲ್ಕನೆಯ ಪೂರ್ವಪಕ್ಷವು ಕರುಣೆಯಿಂದ ಹುಟ್ಟಿದುದು. ಆದಕಾರಣ ಗೌರವಕ್ಕೆ ಅರ್ಹವಾದುದು. ಕೊಲೆಯಾದವನ ಹೆಂಡತಿಮಕ್ಕಳ ಹಕ್ಕು ಎಲ್ಲಿ ಹೋಯಿತು? ಆಪಾದಿತನ ಹಕ್ಕನ್ನೇ ಎಲ್ಲರೂ ಹಾಡಿಹೊಗಳಿದರೆ ನೊಂದವರ ಪಾಡೇನು?

ಇಲ್ಲಿ ಒಂದು ತಪ್ಪು ಲೆಕ್ಕವಿದೆ. ತಕ್ಕಡಿಯ ಒಂದು ತಟ್ಟೆಯಿಂದ ತೆಗೆದುದು ಮತ್ತೊಂದಕ್ಕೆ ಸೇರುವುದೆಂದು ಈ ವಾದಿಗಳು ಎಣಿಸುತ್ತಾರೆ. ಬಡಿದು ಪಡೆದ ತಪ್ಪೊಪ್ಪಿಗೆಯಿಂದ ನಿರ್ದೋಷಿಯೊಬ್ಬನು ಸೆರೆಗೆ ಹೋದರೆ ನೊಂದವರಿಗೆ ಬಂದ ಲಾಭವೇನು? ನಿಜವಾದ ಕೊಲೆಗಾರನು ಅದೇ ಬೀದಿಯಲ್ಲಿ ನಿರ್ಭಯನಾಗಿ ಓಡಾಡುತ್ತಾನೆ. ಒಪ್ಪಿಗೆಯು ಬಡಿತದಿಂದ ಸಿಕ್ಕುವುದಾದರೆ ಸಾಕ್ಷ್ಯವನ್ನು ಹುಡುಕುವ ಶ್ರಮವನ್ನು ಯಾರು ವಹಿಸುವರು? ಹಕ್ಕುಗಳನ್ನು ಮೀರಿದ ತನಿಖೆಯು ಬಹಳ ಸಲ ಸೋಮಾರಿ ತನಿಖೆ. ಇದಲ್ಲದೆ ಈ ವಿದ್ಯೆಯು ಫಿರ್ಯಾದಿಗೂ ಸೇರಿದುದು. ಪೋಲೀಸರು ತಾವೇ ಕೈಕೊಳ್ಳಬಹುದಾದಂತಹ ಗುರುತರ ಅಪರಾಧದ ಸುದ್ದಿ ಬಂದರೆ ಅದನ್ನು ದಾಖಲಿಸಲೇಬೇಕೆಂದು 2013ರಲ್ಲಿ ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ತೀರ್ಪಾಗಿದೆ. ದೂರನ್ನು ಬರೆದುಕೊಳ್ಳದೆ ಹಿಂದಕ್ಕೆ ಕಳುಹಿಸಿದಾಗ ಸುಮ್ಮನೆ ಮನೆಗೆ ಬರುವ ತಾಯಿಯೂ, ಕಾರಣ ಕೇಳದೆ ಮಗನನ್ನು ಒಪ್ಪಿಸುವ ತಾಯಿಯೂ ಒಂದೇ ಅಜ್ಞಾನದಿಂದ ಕೆಡುತ್ತಾರೆ.

ಕೊನೆಯ ಪೂರ್ವಪಕ್ಷವು ನಿರಾಶರದು. ಓದಿ ಫಲವೇನು? ಬರೆದುದೊಂದು, ನಡೆಯುವುದೊಂದು. 22ನೆಯ ವಿಧಿಯೇ ವಿಚಾರಣೆಯಿಲ್ಲದ ಮುಂಜಾಗ್ರತೆಯ ಬಂಧನಕ್ಕೆ ಬಾಗಿಲನ್ನು ತೆರೆದಿಟ್ಟಿಲ್ಲವೆ? ತೆರೆದಿಟ್ಟಿದೆ, ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳವರೆಗೆ ಒಬ್ಬನನ್ನು ಹೀಗೆ ಇಡಲು ಅದರಲ್ಲಿ ಅವಕಾಶವಿರುವುದು ನಿಜ. ಅದು ಸಂವಿಧಾನದ ಮೈಮೇಲಿನ ಕಲೆ. ಆದರೆ ಕಲೆಯನ್ನು ಕಾಣುವುದಕ್ಕೂ ಓದೇ ಬೇಕು. ಇನ್ನು ಫಲದ ಮಾತು. ಬಿಹಾರದ ಸೆರೆಮನೆಗಳಲ್ಲಿ, ಅಪರಾಧವು ರುಜುವಾತಾಗಿದ್ದರೆ ಅನುಭವಿಸಬೇಕಾಗಿದ್ದ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಸುದ್ದಿಯನ್ನು ವೃತ್ತಪತ್ರಿಕೆಯಲ್ಲಿ ಓದಿ, ಕಪಿಲಾ ಹಿಂಗೊರಾಣಿಯವರೆಂಬ ವಕೀಲರು ಅರ್ಜಿ ಸಲ್ಲಿಸಿದರು. ಅದೇ 1979ರ ಹುಸೇನಾರಾ ಖಾತೂನ್ ಮೊಕದ್ದಮೆ. ಸಾವಿರಾರು ಮಂದಿಯ ಬಿಡುಗಡೆಗೆ ಅದು ದಾರಿಯಾಯಿತು. ಶೀಘ್ರ ವಿಚಾರಣೆಯೂ 21ನೆಯ ವಿಧಿಯೊಳಗಣ ಹಕ್ಕೆಂದು ಅದರಲ್ಲಿ ನಿಶ್ಚಿತವಾಯಿತು. ಆ ಸುದ್ದಿಯನ್ನು ಸಾವಿರಾರು ಮಂದಿ ಓದಿರಬೇಕು. ಅದು ಅನ್ಯಾಯವಷ್ಟೇ ಅಲ್ಲ, ಕಾನೂನಿಗೂ ವಿರುದ್ಧವೆಂದು ತಿಳಿದವರು ಮಾತ್ರ ಎದ್ದು ನಿಂತರು. ತುರ್ತುಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ವಿಧಿಗಳನ್ನು ಅಮಾನತ್ತಿನಲ್ಲಿಡಕೂಡದೆಂದು 1978ರ 44ನೆಯ ತಿದ್ದುಪಡಿಯು ವಿಧಿಸಿತು. 1976ರ ಆ ತೀರ್ಪನ್ನು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ರದ್ದುಗೊಳಿಸಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಓದಿಗೆ ಫಲವಿಲ್ಲವೆನ್ನುವವರು ಇದನ್ನು ಏನೆನ್ನುವರು?

ಸಾಹಿತ್ಯ ಸಂಘಕ್ಕೂ ಈ ವಿಷಯಕ್ಕೂ ಸಂಬಂಧವೇನೆಂದು ಕೆಲವರು ಹುಬ್ಬೇರಿಸಬಹುದು. ಸಂಬಂಧವು ಭಾಷೆಯದು. ಹಿಂದಿಯನ್ನು ಮಾತ್ರ ಬಲ್ಲ ಒಬ್ಬ ಬಂಧಿತನಿಗೆ ಇಂಗ್ಲಿಷಿನಲ್ಲಿ ಕಾರಣಗಳನ್ನು ಬರೆದುಕೊಟ್ಟು, ಪೋಲೀಸರು ಬಾಯಿಮಾತಿನಲ್ಲಿ ಅರ್ಥ ಹೇಳಿ ಮುಗಿಸಿದ್ದರು. ಅದು ಸಾಲದೆಂದು 1962ರ ಹರಿಕಿಶನ್ ಮೊಕದ್ದಮೆಯಲ್ಲಿ ನ್ಯಾಯಾಲಯವು ಆ ಬಂಧನವನ್ನೇ ಅಸಿಂಧುಗೊಳಿಸಿತು. ದಸ್ತಗಿರಿಯ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿಯೇ ತಿಳಿಸಬೇಕೆಂದು 2025ರ ಫೆಬ್ರುವರಿಯಲ್ಲಿ ವಿಹಾನ್ ಕುಮಾರ್ ಮೊಕದ್ದಮೆಯಲ್ಲಿ ಮತ್ತೆ ಒತ್ತಿ ಹೇಳಲಾಯಿತು. ಎಂದಮೇಲೆ ಕನ್ನಡವನ್ನೇ ಬಲ್ಲವನಿಗೆ ಕನ್ನಡದಲ್ಲಿ ಕಾರಣವನ್ನು ತಿಳಿಯುವುದು ಕೃಪೆಯಲ್ಲ, ಹಕ್ಕು. ಈ ಹಕ್ಕನ್ನು ಬಳಸಲು ಬೇಕಾದ ಕನ್ನಡವೆಲ್ಲಿದೆ? ಹಳ್ಳಿಯವನಿಗೆ ದಸ್ತಗಿರಿ, ಜಾಮೀನು, ಮುಚ್ಚಳಿಕೆ, ಫಿರ್ಯಾದು ಎಂದರೆ ತಿಳಿಯುತ್ತದೆ. ಕಾನೂನುಗಳ ಹೆಸರನ್ನು ಸಂಸ್ಕೃತಕ್ಕೆ ತಿರುಗಿಸಿದ ಮಾತ್ರಕ್ಕೆ ಅವು ಜನರ ಕಾನೂನುಗಳಾಗವು. ಸಂಹಿತೆಯೆಂಬ ಹೆಸರಿದ್ದರೂ ಅರ್ಥವಾಗದುದು ಅರ್ಥವಾಗದುದೇ. ತಿಳಿಯಾದ ಕನ್ನಡದಲ್ಲಿ ಇವುಗಳ ತಾತ್ಪರ್ಯವನ್ನು ಬರೆದು ಹಂಚುವುದಕ್ಕಿಂತ ಯೋಗ್ಯವಾದ ಗದ್ಯಕಾರ್ಯವು ಸಾಹಿತ್ಯ ಸಂಘಕ್ಕೆ ಯಾವುದಿದೆ?

ಶಾಲೆಗಳಲ್ಲಿ ಈ ವಿಷಯವು ಇಲ್ಲವೆಂದಲ್ಲ. ಇರುವ ರೀತಿಯು ಶೋಚನೀಯ. ಮೂಲಭೂತ ಹಕ್ಕುಗಳು ಆರೆಂದು ಬರೆದ ಹುಡುಗನಿಗೆ ಅಂಕಗಳು ಬರುತ್ತವೆ. ಅಣ್ಣನನ್ನು ರಾತ್ರಿ ಠಾಣೆಗೆ ಕರೆದೊಯ್ದರೆ ಮರುದಿನ ಯಾರ ಮುಂದೆ ನಿಲ್ಲಿಸಬೇಕೆಂದು ಕೇಳಿದರೆ ಅದೇ ಹುಡುಗನು ಬಾಯಿ ಬಿಡುತ್ತಾನೆ. ಪ್ರಯೋಗವನ್ನು ಬೋಧಿಸದೆ ಸೂತ್ರವನ್ನು ಮಾತ್ರ ಉರುಹೊಡೆಸಿದರೆ ವ್ಯಾಕರಣವೂ ಬಾರದು. ಹಕ್ಕಿನ ವಿದ್ಯೆಯು ಬರುವುದೆಂತು?

ಆದಕಾರಣ ಮಾಡಬೇಕಾದುದು ಇಷ್ಟು. ಪ್ರತಿಯೊಂದು ಜಿಲ್ಲೆಯ ಸಂಘವೂ ವರ್ಷಕ್ಕೆ ನಾಲ್ಕು ಸಂಜೆಗಳನ್ನು ಇದಕ್ಕೆ ಮೀಸಲಿಡಲಿ. ಮೊದಲ ಸಂಜೆ ಮೂರು ವಿಧಿಗಳ ಮೂಲಪಾಠ ಮತ್ತು ಅರ್ಥವಿವರಣೆ. ಎರಡನೆಯ ಸಂಜೆ ದಸ್ತಗಿರಿಯ ಮೊದಲ 24 ಗಂಟೆಗಳು. ಮೂರನೆಯ ಸಂಜೆ ಜಾಮೀನು ಮತ್ತು ಸರ್ಕಾರದ ವೆಚ್ಚದ ವಕೀಲರು. ನಾಲ್ಕನೆಯ ಸಂಜೆ ಸಾಕ್ಷ್ಯ, ವಿಚಾರಣೆ ಮತ್ತು ನೊಂದವರ ಹಕ್ಕುಗಳು. ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದವರನ್ನು ಕರೆಸಲಿ. ಪೋಲೀಸ್ ಅಧಿಕಾರಿಗಳನ್ನೂ ಕರೆಸಿ ಅವರ ಕಷ್ಟಗಳನ್ನೂ ಕೇಳಲಿ. ಹೆಂಗಸರು ತಪ್ಪದೆ ಬರಲಿ; ರಾತ್ರಿ ಬಾಗಿಲು ಬಡಿದಾಗ ತೆರೆಯುವವರು ಬಹುಮಟ್ಟಿಗೆ ಅವರೇ. ನ್ಯಾಯಸ್ಥಾನದ ಬಾಗಿಲು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ಜಾತ್ರೆಗೂ ನಾಟಕಕ್ಕೂ ಹೋಗುವ ಗೃಹಸ್ಥರು ವರ್ಷಕ್ಕೊಂದು ದಿನ ಅಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲಿ. ಇದಕ್ಕೆ ಹಣವು ಬೇಕಿಲ್ಲ, ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಘೋರ ಅಪರಾಧದ ಸುದ್ದಿಯು ಮುಂದಿನ ಸಲ ಬಂದಾಗ ಅದೇ ಜಗಲಿಯಲ್ಲಿ ಒಬ್ಬರಾದರೂ, ಅವನ ಮೇಲಣ ಆಪಾದನೆಗೆ ಸಾಕ್ಷ್ಯವೇನು, ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರೆ, ಅವನಿಗೆ ವಕೀಲರು ದೊರೆತರೆ ಎಂದು ಕೇಳುವಂತಾದರೆ ನಾಲ್ಕು ಸಂಜೆಗಳ ಶ್ರಮವು ಸಾರ್ಥಕವಾದಂತೆಯೇ ಸರಿ.